ಹಳಿ ಹಾಸುವುದೆಲ್ಲಿ?

ಇಂಗ್ಲೆಂಡಿನಲ್ಲಿ ಕಿರುರೈಲನ್ನು ಕಟ್ಟಿ ಓಡಿಸುವುದು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರ ಹವ್ಯಾಸ. ಸಂಜೆ ಕಚೇರಿಯಿಂದ ಹಿಂತಿರುಗಿದ ಗೃಹಸ್ಥನು ಕೋಟನ್ನು ಕಳಚಿಟ್ಟು ಸ್ಟೇಷನ್ ಮಾಸ್ತರನಾಗುತ್ತಾನೆ. ಆದರೆ ಎಂಜಿನ್ನನ್ನು ಕೊಳ್ಳುವ ಮುನ್ನವೇ ಅವನು ಮನೆಯವರೆದುರು ಉತ್ತರಿಸಬೇಕಾದ ಪ್ರಶ್ನೆಯೊಂದುಂಟು: ಹಳಿ ಹಾಸುವುದೆಲ್ಲಿ?

ಹಿಂದೆ 32 ಮಿಲಿಮೀಟರ್ ಅಂತರದ ಹಳಿಗಳು ಬಳಕೆಯಲ್ಲಿದ್ದವು. ಅವುಗಳ ತಿರುವಿಗೆ ಕೊಠಡಿಯ ನೆಲವೇ ಬೇಕಾಗುತ್ತಿತ್ತು. ಆಟ ಮುಗಿದೊಡನೆ ಎಲ್ಲವನ್ನೂ ಕಿತ್ತು ಪೆಟ್ಟಿಗೆಗೆ ತುಂಬಬೇಕಾಗುತ್ತಿತ್ತು. 1922ರಲ್ಲಿ ಜರ್ಮನಿಯ ಬಿಂಗ್ ಸಂಸ್ಥೆಯು ಮೇಜಿನ ಮೇಲೋಡುವ ರೈಲನ್ನು ಹೊರತಂದಿತು. ಹಳಿಗಳ ಅಂತರ ಅರ್ಧಕ್ಕಿಳಿಯಿತು. ಈಗ ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಓಓ’ ಹಳಿಯ ಅಂತರ 16.5 ಮಿಲಿಮೀಟರ್, ಒಂದು ಅಡಿಗೆ 4 ಮಿಲಿಮೀಟರ್ ಎಂಬುದು ಗಾಡಿಗಳ ಪ್ರಮಾಣ. ಆದರೂ ಒಂದೇ ಒಂದು ಮೈಲಿಯ ದಾರಿಯನ್ನು ಈ ಪ್ರಮಾಣದಲ್ಲಿ ಹಾಸಲು ಸುಮಾರು 69 ಅಡಿ ಉದ್ದದ ಸ್ಥಳ ಬೇಕು. ಅಷ್ಟುದ್ದದ ಪಡಸಾಲೆ ಯಾರ ಮನೆಯಲ್ಲಿದೆ?

ಹಾಗಾಗಿ ಹಲವರು ಅಟ್ಟವನ್ನೇರುತ್ತಾರೆ. ಅಲ್ಲಿ ಯಾರ ತಕರಾರೂ ಇಲ್ಲ. ಆದರೆ ಹೆಂಚಿನ ಕೆಳಗೆ ಬೇಸಿಗೆಯಲ್ಲಿ ಕಾವು, ಚಳಿಗಾಲದಲ್ಲಿ ಕೊರೆತ. ಬಿಸಿಗೆ ಹಿಗ್ಗಿದ ಹಳಿ ಸೊಟ್ಟಗಾಗುತ್ತದೆ. ಅಟ್ಟದ ತೊಲೆಗಳು ಸಾಮಾನ್ಯವಾಗಿ ಕೆಳಗಿನ ಚಾವಣಿಯನ್ನು ಹಿಡಿದಿಡಲು ಹಾಕಿದವು. ನಡೆದಾಡುವವರ ಭಾರವನ್ನು ಹೊರಲು ಅವನ್ನು ಬಲಪಡಿಸಬೇಕು. ತೋಟದ ಗುಡಿಸಲಿನಲ್ಲಾದರೋ ತೇವದಿಂದ ತುಕ್ಕಿನ ಕಾಟ. ಇವೆಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಏಣಿ ಹತ್ತಿ ಹೋದವನು ಮನೆಯವರ ಮಾತಿಗೂ ದೂರವಾಗುತ್ತಾನೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ವಿವೇಕವೇ ಇಲ್ಲಿ ನೆರವಿಗೆ ಬರುತ್ತದೆ. ಕೊಠಡಿಯ ನಡುವೆ ದೊಡ್ಡ ಹಲಗೆಯನ್ನು ಹಾಕುವ ಬದಲು ಗೋಡೆಯುದ್ದಕ್ಕೂ ಕಿರಿದಾದ ಹಲಗೆಯನ್ನು ನಿಲ್ಲಿಸಿದರಾಯಿತು. ಅಗಲ ಎರಡೂವರೆ ಅಡಿಯನ್ನು ಮೀರದಿದ್ದರೆ, ಹಳಿ ತಪ್ಪಿದ ಗಾಡಿ ಕೈಗೆಟುಕುತ್ತದೆ. ಬಾಗಿಲಿಗೆ ಅಡ್ಡ ಬರುವೆಡೆ ಕೀಲು ಹಾಕಿದ ತುಂಡನ್ನಿಟ್ಟರೆ ಅದನ್ನೆತ್ತಿ ಓಡಾಡಬಹುದು. ಒಂದು ತುದಿಯಲ್ಲಿ ಊರಿನ ನಿಲ್ದಾಣ. ಮತ್ತೊಂದು ತುದಿಯಲ್ಲಿ ನೋಡುವವರಿಗೆ ಕಾಣದಂತೆ ಮರೆಮಾಡಿದ ನಾಲ್ಕಾರು ಹಳಿಗಳು. ನಿಲ್ದಾಣ ಬಿಟ್ಟ ಗಾಡಿ ಮರೆಗೆ ಸರಿದರೆ ಲಂಡನ್ನು ಸೇರಿತೆಂದೇ ಲೆಕ್ಕ!

ಪೀಟರ್ ಡೆನ್ನಿ ಎಂಬ ಪಾದ್ರಿಯು ಎರಡನೆಯ ಮಹಾಯುದ್ಧದ ಬಳಿಕ ಕಟ್ಟತೊಡಗಿದ ‘ಬಕಿಂಗ್‌ಹ್ಯಾಮ್’ ರೈಲುದಾರಿ ಈ ಬಗೆಯ ರಚನೆಗೆ ಹೆಸರಾದುದು. ಮರೆಯ ಹಳಿಗಳ ಬಳಿ ನಿಂತು ಗಾಡಿಗಳನ್ನು ಕಳುಹಿಸಲು ಇನ್ನೊಬ್ಬರು ಬೇಕಷ್ಟೆ? ಮಗ ಕ್ರಿಸ್ಪಿನ್ ಆ ಕೆಲಸ ಮಾಡುತ್ತಿದ್ದ. ಅವನಿಲ್ಲದಾಗ ಒಬ್ಬನೇ ರೈಲು ನಡೆಸಲೆಂದು ತಂದೆ ಒಂದು ಯಂತ್ರವನ್ನು ರಚಿಸಿದ. ಅದಕ್ಕಿಟ್ಟ ಹೆಸರು ‘ಆಟೊಮ್ಯಾಟಿಕ್ ಕ್ರಿಸ್ಪಿನ್’.

ಮನೆಯಲ್ಲಿ ರೈಲಿಗೆ ಸ್ಥಳ ಹುಡುಕುವವರು ಈ ಹೆಸರನ್ನು ನೆನಪಿಡುವುದು ಒಳಿತು. ಹಳಿಗೆ ಗೋಡೆಯಂಚು ಸಾಕು. ಹಲಗೆಯ ಆ ತುದಿಯಲ್ಲಿ ಮತ್ತೊಬ್ಬರು ನಿಲ್ಲುವಷ್ಟು ಎಡೆಯನ್ನೂ ಮೊದಲೇ ಅಳೆದು ಬಿಟ್ಟಿರಬೇಕು.