ಲೇತ್ ನೆಟ್ಟಗೆ ನಿಂತರೆ ನಾರಿನ ಮಿಲ್ಲೂ ನೆಟ್ಟಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನಕಾಯಿಯ ಯಾವ ಭಾಗವೂ ದಂಡವಾಗುವುದಿಲ್ಲ. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು ಉಂಡೆ ಕೊಬ್ಬರಿಯಾಗುತ್ತದೆ, ಮಟ್ಟೆ ನಾರಿನ ಮಿಲ್ಲಿಗೆ ಹೋಗುತ್ತದೆ. ಮಿಲ್ಲಿನ ಶಾಫ್ಟ್, ಎಣ್ಣೆ ಎಕ್ಸ್‌ಪೆಲ್ಲರಿನ ವರ್ಮ್, ಪಂಪಿನ ಪುಲ್ಲಿ ಸವೆದಾಗ ಎಲ್ಲವೂ ಬರುವುದು ಲೇತ್ ವರ್ಕ್‌ಶಾಪಿಗೆ. ಸವೆದಲ್ಲಿ ವೆಲ್ಡಿಂಗ್ ತುಂಬಿ, ಟರ್ನಿಂಗ್ ಮಾಡಿ, ಮತ್ತೆ ಓಡುವಂತೆ ಮಾಡಿಕೊಡುವುದು ಅಲ್ಲಿನ ಕಸುಬು. ಆ ಕಸುಬಿನ ನಿಖರತೆ ಶುರುವಾಗುವುದು ಲೇತಿನ ಕಾಲ ಬುಡದಲ್ಲಿ.

ಕರ್ನಾಟಕಕ್ಕೆ ಲೇತ್ ಹಳೆಯ ನಂಟು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾದವು. ಯಂತ್ರ ಎಷ್ಟೇ ಒಳ್ಳೆಯ ಕಂಪನಿಯದಿರಲಿ, ಲಾರಿಯಿಂದ ಇಳಿಸಿ ನೆಲದ ಮೇಲೆ ಹೇಗೆ ಕೂರಿಸಿದರು ಎಂಬುದರ ಮೇಲೆ ಅದರ ಗುಣ ನಿಂತಿದೆ. ಬೆಣೆ, ತಗಡಿನ ಚೂರು ಕೊಟ್ಟು ಕೂರಿಸುವುದು ಹಳೆಯ ಪದ್ಧತಿ. ಈಗ ಲೆವೆಲಿಂಗ್ ಪ್ಯಾಡ್ ಬಂದಿದೆ: ಬೀಡಿನ ತಳ, ಅದರಡಿ ಗಟ್ಟಿ ರಬ್ಬರ್, ನಡುವೆ ಎದ್ದು ನಿಂತ ಬೋಲ್ಟ್, ಮೇಲೊಂದು ಲಾಕ್ ನಟ್. ಎಣ್ಣೆ ಸೋರುವ ಜಾಗದಲ್ಲಿ ನೈಟ್ರೈಲ್ ರಬ್ಬರೇ ಬೇಕು; ಸಾದಾ ರಬ್ಬರ್ ಎಣ್ಣೆ ಕುಡಿದು ಉಬ್ಬುತ್ತದೆ.

ಮಟ್ಟ ಮಾಡುವುದು ಏಕೆ? ಲೇತ್ ಇಡಿಯಾಗಿ ಒಂದು ಕಡೆಗೆ ಕೊಂಚ ವಾಲಿದರೆ ಟರ್ನಿಂಗ್‌ಗೆ ಅಂಥ ತೊಂದರೆಯಿಲ್ಲ. ಟೂಲ್ ಸರಿದಾಡುವ ಉದ್ದನೆಯ ಹಾಸು, ಅಂದರೆ ಬೆಡ್, ತಿರುಚಿಕೊಂಡರೆ ಮಾತ್ರ ಕೆಲಸ ಕೆಟ್ಟಿತು. ಮೂರು ಕಲ್ಲಿನ ಒಲೆ ಎಲ್ಲಿಟ್ಟರೂ ಅಲುಗುವುದಿಲ್ಲ; ನಾಲ್ಕು ಅಥವಾ ಆರು ಕಾಲಿನ ಯಂತ್ರಕ್ಕೆ ಆ ಅನುಕೂಲ ಇಲ್ಲ. ಒಂದು ಕಾಲು ತಗ್ಗಿದರೆ ಟನ್‌ಗಟ್ಟಲೆ ತೂಕದ ಬೀಡೂ ತನ್ನ ಭಾರಕ್ಕೇ ಬಾಗುತ್ತದೆ. ಬೆಡ್‌ನ ಒಂದು ತುದಿ ಇನ್ನೊಂದಕ್ಕಿಂತ ಮೀಟರಿಗೆ 0.1 ಮಿ.ಮೀ. ವಾಲಿದೆ ಎನ್ನಿ. ಬೆಡ್‌ನಿಂದ 200 ಮಿ.ಮೀ. ಎತ್ತರದಲ್ಲಿರುವ ಟೂಲ್ ಆಗ 0.02 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ, ಶಾಫ್ಟಿನ ವ್ಯಾಸದಲ್ಲಿ ಅದು 0.04 ಮಿ.ಮೀ. ಆಗುತ್ತದೆ. ಬೇರಿಂಗ್ ಬಿಗಿಯಾಗಿ ಕೂರುವ 50 ಮಿ.ಮೀ. ಶಾಫ್ಟಿನ ಅಳತೆ ಹೆಚ್ಚುಕಮ್ಮಿಯಾಗಲು ಸಾಮಾನ್ಯವಾಗಿ ಇರುವ ಅವಕಾಶ 0.016 ಮಿ.ಮೀ. ಮಾತ್ರ. ಉದ್ದದ ಶಾಫ್ಟನ್ನು ಒಂದೇ ಓಟದಲ್ಲಿ ಟರ್ನಿಂಗ್ ಮಾಡಿದರೆ ಒಂದು ತುದಿಗೆ ಬೇರಿಂಗ್ ಸರಿಯಾಗಿ ಕೂತು, ಇನ್ನೊಂದು ತುದಿಗೆ ಸಡಿಲವಾಗಬಹುದು. ಅದರ ಫಲ ನಾರಿನ ಮಿಲ್ಲಿನವರು ಉಣ್ಣಬೇಕು.

ಕೆಲಸ ಮೊದಲಾಗುವುದು ನೆಲದಿಂದ. ತೋಟದ ಸಡಿಲ ಮಣ್ಣು ತೆಗೆದು, ಗಟ್ಟಿ ನೆಲ ಸಿಕ್ಕ ಮೇಲೆ ಕಾಂಕ್ರೀಟ್ ಹಾಕಬೇಕು. ನೀರುಣಿಸಿ, ಪೂರ್ತಿ ಬಲ ಬರಲು 28 ದಿನ ಬಿಡುವುದು ಕ್ಷೇಮ. ಆಮೇಲೆ ಗಡಾರಿಯಿಂದ ಒಂದೊಂದೇ ತುದಿ ಎತ್ತಿ, ಮರದ ದಿಮ್ಮಿ ಕೊಟ್ಟು ಪ್ಯಾಡ್ ತೂರಿಸುತ್ತಾರೆ. ದಿಮ್ಮಿ ಇಲ್ಲದೆ ಕೈ ಒಳಗೆ ಹಾಕುವಂತಿಲ್ಲ. ಹೆಚ್ಚಿನ ಭಾರ ಚಕ್ ತಿರುಗಿಸುವ ಹೆಡ್‌ಸ್ಟಾಕ್ ಕಡೆಗಿರುವುದರಿಂದ ಆ ಕಾಲುಗಳನ್ನು ಮೊದಲು ಭದ್ರ ಮಾಡಬೇಕು.

ಮುಂದಿನದು ನಾಜೂಕಿನ ಕೆಲಸ. ಗಾರೆ ಕೆಲಸದ ರಸಮಟ್ಟ ಇಲ್ಲಿ ಸಾಲದು, ಮೀಟರಿಗೆ 0.02 ಮಿ.ಮೀ. ವ್ಯತ್ಯಾಸ ತೋರಿಸುವ ಲೆವೆಲ್ ಬೇಕು. ಅದನ್ನೇ ಮೊದಲು ಪರೀಕ್ಷಿಸುತ್ತಾರೆ: ಬೆಡ್ ಮೇಲೆ ಅಡ್ಡಲಾಗಿಟ್ಟು ಗುಳ್ಳೆ ನೋಡಿ, ಅಲ್ಲೇ ಹಿಂದುಮುಂದು ತಿರುಗಿಸಿದಾಗ ಗುಳ್ಳೆ ಯಂತ್ರದ ಅದೇ ಬದಿಗೆ ಅಷ್ಟೇ ಸರಿದಿದ್ದರೆ ಲೆವೆಲ್ ನಂಬಬಹುದು. ನಂತರ ಹೆಡ್‌ಸ್ಟಾಕ್ ಕಡೆ ಒಮ್ಮೆ, ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆ ಒಮ್ಮೆ ಅಡ್ಡ ಇಟ್ಟು, ಎರಡೂ ಕಡೆ ಒಂದೇ ಲೆಕ್ಕ ಬರುವಂತೆ ಪ್ಯಾಡಿನ ಬೋಲ್ಟ್ ತಿರುಗಿಸುತ್ತಾರೆ. 16 ಮಿ.ಮೀ. ಬೋಲ್ಟಿನ ಮರೆಗೆ 2 ಮಿ.ಮೀ. ಅಂತರ, ಕಾಲು ಸುತ್ತೆಂದರೆ ಅರ್ಧ ಮಿ.ಮೀ. ಕೊನೆಕೊನೆಗೆ ಸ್ಪ್ಯಾನರ್ ಅಲುಗಿತೋ ಇಲ್ಲವೋ ಎನ್ನುವಷ್ಟೇ ತಿರುಗಿಸಬೇಕು. ಲಾಕ್ ನಟ್ ಬಿಗಿದಾಗ ಲೆಕ್ಕ ಮತ್ತೆ ಸರಿಯುವುದುಂಟು, ಹಾಗಾಗಿ ಬಿಗಿದ ಮೇಲೂ ನೋಡಲೇಬೇಕು.

ಅಂತಿಮ ಸಾಕ್ಷಿ ಕಬ್ಬಿಣದ್ದು. ದಪ್ಪನೆಯ ಸರಳನ್ನು ಚಕ್ಕಿನಲ್ಲಿ ಮಾತ್ರ ಹಿಡಿದು, ಎರಡು ತುದಿಯಲ್ಲೂ ಒಂದೊಂದು ಉಂಗುರದಷ್ಟು ಜಾಗವನ್ನು ಒಂದೇ ಟೂಲಿನಿಂದ, ಸೆಟಿಂಗ್ ಬದಲಿಸದೆ ಟರ್ನಿಂಗ್ ಮಾಡಿ ಮೈಕ್ರೋಮೀಟರಿನಲ್ಲಿ ಅಳೆಯುತ್ತಾರೆ. ಅಳತೆ ಬೇರೆಯಾದರೆ ಟೇಲ್‌ಸ್ಟಾಕ್ ಕಡೆಯ ಕಾಲಿಗೆ ಸ್ಪ್ಯಾನರ್. ರಬ್ಬರ್ ಒತ್ತಿಕೊಳ್ಳುವುದರಿಂದ ಮರುದಿನ ಒಮ್ಮೆ, ವಾರದ ಮೇಲೆ ಒಮ್ಮೆ ಮತ್ತೆ ನೋಡಬೇಕು.

ಎಲ್ಲ ಯಂತ್ರಕ್ಕೂ ಪ್ಯಾಡ್ ಹೊಂದುವುದಿಲ್ಲ. ಮಟ್ಟೆ ಬಡಿಯುವ ಡ್ರಮ್ಮಿನ ಅದುರುವಿಕೆ ಜೋರು. ಅದನ್ನು ಕಾಂಕ್ರೀಟ್ ಪಾಯದ ಬೋಲ್ಟಿಗೇ ಬಿಗಿಯುವುದು ಸರಿ. ಲೇತಿಗಾದರೆ ಪ್ಯಾಡ್ ಇರಲಿ, ಬೆಣೆಯಿರಲಿ, ಮಟ್ಟ ಹಿಡಿಯುವ ತಾಳ್ಮೆ ಒಂದೇ. ಸೆಕೆಂಡ್‌ಹ್ಯಾಂಡ್ ಲೇತ್ ಕೊಂಡು ಹೊಸ ಅಂಗಡಿ ತೆರೆಯುವ ನಮ್ಮ ಹುಡುಗರು ಬಣ್ಣ, ಬೋರ್ಡಿಗೆ ಇಡುವ ದುಡ್ಡಿನ ಜೊತೆ ಒಂದು ಒಳ್ಳೆಯ ಲೆವೆಲ್‌ಗೂ ದುಡ್ಡು ಎತ್ತಿಡಲಿ. ರೈತ ತಂದ ಶಾಫ್ಟ್ ನೆಟ್ಟಗೆ ಹಿಂದಿರುಗಿದರೆ ಆ ಖರ್ಚು ಬಲುಬೇಗ ತೀರುತ್ತದೆ.