ಕೆರೆ ಮರಾಮತ್ತಿನ ಸರದಿ

ಅನಂತಪುರ ಸೀಮೆಯ ಮಡಕಶಿರಾ ಕಡೆ ಹೋದರೆ ಹಳೆಯ ಕೆರೆಯೊಂದರ ತೂಬನ್ನು ಹತ್ತಿರ ನಿಂತು ನೋಡಬೇಕು. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡಕಲ್ಲು, ಹಿಂದೆ ಅದರ ತೂತಿನಲ್ಲಿ ಇಳಿಬಿಟ್ಟ ಕೋಲು, ಕೋಲಿನ ತುದಿಗೆ ಬಿರಡೆ. ನೀರಗಂಟಿ ಬಿರಡೆ ಎತ್ತಿದರೆ ಗದ್ದೆಗೆ ನೀರು. ಕೆರೆ ಕಟ್ಟಿಸಿದವರಿಗೂ ಅದನ್ನು ಸುಸ್ಥಿತಿಯಲ್ಲಿಟ್ಟವರಿಗೂ ಜಮೀನು ಮಾನ್ಯವಾಗಿ ಸಿಗುತ್ತಿತ್ತು. ಬಳ್ಳಾರಿ, ಅನಂತಪುರ ಸೀಮೆಯಲ್ಲಿ ಅದನ್ನು ದಶಬಂಧ ಎನ್ನುತ್ತಿದ್ದರು. ಏರಿ ಒಡೆದರೆ ಮಾನ್ಯದಾರನ ಹೊಲವೂ ಒಣಗುತ್ತಿತ್ತು. ಹಾಗಾಗಿ ಮರಾಮತ್ತು ಮಳೆಗಿಂತ ಮುಂಚೆಯೇ ಮುಗಿಯುತ್ತಿತ್ತು.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಬರಬರುತ್ತಾ ಕೆರೆಯ ಹೊಣೆ ಊರಿನ ಕೈಬಿಟ್ಟು ಸರ್ಕಾರದ ಕೈಸೇರಿತು. 1850ರ ದಶಕದಲ್ಲಿ ಮದ್ರಾಸಿನ ಲೋಕೋಪಯೋಗಿ ಇಲಾಖೆ ರೂಪುಗೊಂಡಾಗ ಅದರ ಕಣ್ಣೆಲ್ಲ ಗೋದಾವರಿ, ಕೃಷ್ಣಾ ನದಿಗಳ ಮೇಲೆ. ಆರ್ಥರ್ ಕಾಟನ್ ಧವಳೇಶ್ವರದಲ್ಲಿ ಕಟ್ಟಿಸಿದ ಅಣೆಕಟ್ಟೆಗೆ ಹಾಕಿದ ದುಡ್ಡು ಕಂದಾಯವಾಗಿ ಮರಳುತ್ತಿತ್ತು. ಲಾಭ ತರುವ ಕಾಮಗಾರಿ, ಬರದಿಂದ ಕಾಯುವ ಕಾಮಗಾರಿ ಎಂದು ಮುಂದೆ ಸರ್ಕಾರವೇ ಎರಡು ಪಂಗಡ ಮಾಡಿತು. ರಾಯದುರ್ಗ, ಮಡಕಶಿರಾ ಎರಡನೆಯದಕ್ಕೆ ಬಿದ್ದವು. ಇಲ್ಲಿನ ಕಷ್ಟದ ಬೇರು ಆ ಪಂಗಡದಲ್ಲೇ ಇದೆ ಎಂದು ನನಗನ್ನಿಸುತ್ತದೆ. 1876–78ರ ಬರದಲ್ಲಿ ಈ ಸೀಮೆ ಬರಿದಾಯಿತು. ಕೆರೆಗಳ ಜೀರ್ಣೋದ್ಧಾರದ ಯೋಜನೆ ಹೊರಟದ್ದು ಆಮೇಲೆ, 1883ರಲ್ಲಿ.

ಇನ್ನು ಮೈಸೂರು–ಮದ್ರಾಸು ಗಡಿಯ ವಿಚಾರ. ಮೈಸೂರಿನಲ್ಲಿ ಹುಟ್ಟುವ ವೇದಾವತಿ ಕೆಳಗೆ ಹಗರಿಯಾಗಿ ರಾಯದುರ್ಗ ಸೀಮೆಗೆ ಇಳಿಯುತ್ತದೆ. ಮೇಲೆ ಮೈಸೂರು ಹೊಸ ಕಟ್ಟೆ ಕಟ್ಟುವ ಮುನ್ನ ಮದ್ರಾಸನ್ನು ಕೇಳಬೇಕೆಂದು 1892ರಲ್ಲಿ ಒಪ್ಪಂದವಾಯಿತು. 1907ರ ಹೊತ್ತಿಗೆ ಅದೇ ನದಿಗೆ ಮಾರಿಕಣಿವೆಯಲ್ಲಿ 30 ಟಿಎಂಸಿ ನೀರು ಹಿಡಿಯುವ ಅಣೆಕಟ್ಟು ಎದ್ದಿತು. ಚಿತ್ರದುರ್ಗ ಸೀಮೆಗೆ ಅದು ಜೀವದಾನ, ಅಲ್ಲಗಳೆಯುವಂತಿಲ್ಲ. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗಕ್ಕೆ ಮಾತ್ರ ಮೇಲಿನವರು ಬಿಟ್ಟು ಮಿಕ್ಕ ನೀರೇ ಗತಿಯಾಯಿತು.

1953ರಲ್ಲಿ ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಮಿಕ್ಕ ನೀರನ್ನು ನಂಬಿ ಗುಮ್ಮಗಟ್ಟ ಬಳಿ ಭೈರವಾನಿತಿಪ್ಪ ಜಲಾಶಯ ಕಟ್ಟಿದರು. ಆದರೆ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಕೆಳಗಿನ ಹಳ್ಳಗಳು ಹರಿದ ವರ್ಷವಷ್ಟೇ ಭೈರವಾನಿತಿಪ್ಪಕ್ಕೆ ನೀರಿನ ಆಸೆ.

ಈಗ ನೀರಾವರಿ ಇಲಾಖೆಯ ಪಟ್ಟಿಯ ಮೊದಲ ಸಾಲಿನಲ್ಲಿರುವುದು ಹಂದ್ರಿ–ನೀವಾ ಯೋಜನೆ. ಶ್ರೀಶೈಲದ ಹಿನ್ನೀರಿನಿಂದ ಮೆಟ್ಟಿಲು ಮೆಟ್ಟಿಲಾಗಿ ಪಂಪು ಮಾಡಿ ಎತ್ತುವ ಕೃಷ್ಣೆಯ ನೀರಿಗೆ ಮಡಕಶಿರಾ ಕಡೆಗೊಂದು ಕವಲು ಕಾಲುವೆಯಿದೆ. ಇಷ್ಟು ದೂರದಿಂದ, ಇಷ್ಟು ಕರೆಂಟು ಸುಟ್ಟು ತರುವ ನೀರು ನಿಲ್ಲಬೇಕಾದ್ದು ಊರೂರ ಕೆರೆಗಳಲ್ಲೇ. ಹೂಳೆತ್ತದೆ, ಏರಿ ಬಿಗಿ ಮಾಡದೆ ಬಿಟ್ಟರೆ ನಿಂತ ನೀರೂ ಸೋರಿಹೋಗುತ್ತದೆ. ಕೆರೆ ಮರಾಮತ್ತು ಆ ಪಟ್ಟಿಯ ಕೊನೆಯಲ್ಲಲ್ಲ, ಮೊದಲಲ್ಲಿರಬೇಕಿತ್ತು. ಮಡಕಶಿರಾ ಕಡೆಯ ಆ ಹಳೆಯ ಕೆರೆಯಂಗಳದಲ್ಲಿ ಈಗ ಸೀಮೆಜಾಲಿ ಆಳೆತ್ತರ ಬೆಳೆದು ನಿಂತಿದೆ. ಅದರ ನಡುವೆ ತೂಬಿನ ಎರಡು ಕಂಬಗಳು ಕಾಣುತ್ತವೆ. ಅಡ್ಡಕಲ್ಲಿನ ತೂತಿನಲ್ಲಿ ಕೋಲೂ ಇಲ್ಲ, ಬಿರಡೆಯೂ ಇಲ್ಲ.