ಬೀಳುತ್ತಲೇ ಇರುವ ಮನೆ

ಬಂಡ್ರಿಯಂತಹ ಊರಿನಲ್ಲಿ ಸೂರ್ಯಾಸ್ತವಾದ ಮೇಲೆ ಅಂಗಳದಲ್ಲಿ ನಿಂತು ನೋಡುವವರಿಗೆ, ಕೆಲವು ದಿನ, ಉಜ್ವಲವಾದ ಚುಕ್ಕೆಯೊಂದು ಮಿನುಗದೆ, ಸದ್ದಿಲ್ಲದೆ, ಕೆಲವೇ ನಿಮಿಷಗಳಲ್ಲಿ ಬಾನನ್ನು ದಾಟಿಹೋಗುವುದು ಕಾಣುತ್ತದೆ. ಅದು ನಕ್ಷತ್ರವಲ್ಲ, ಮನುಷ್ಯರು ವಾಸಿಸುವ ಮನೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೆಂದು ಅದರ ಹೆಸರು. ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಅದು ಸುಮಾರು 90 ನಿಮಿಷಗಳಿಗೊಮ್ಮೆ ಭೂಮಿಗೆ ಪ್ರದಕ್ಷಿಣೆ ಬರುತ್ತದೆ.

ಇದು ಕೆಳಗೆ ಬೀಳದೆ ಹೇಗೆ ನಿಂತಿತೆಂದು ವಾಚಕರು ಕೇಳಬಹುದು. ನಿಜವಾಗಿ ಅದು ನಿಂತಿಲ್ಲ. ಸದಾ ಬೀಳುತ್ತಲೇ ಇದೆ. ಆ ಎತ್ತರದಲ್ಲಿಯೂ ಭೂಮಿಯ ಆಕರ್ಷಣೆ ಇಲ್ಲಿಯದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟುಂಟು. ಆದರೆ ಗಂಟೆಗೆ ಸುಮಾರು 28,000 ಕಿಲೋಮೀಟರು ವೇಗದಿಂದ ಅದು ಮುಂದಕ್ಕೆ ಧಾವಿಸುತ್ತಿರುವುದರಿಂದ, ಎಷ್ಟು ಬೀಳುವುದೋ ಅಷ್ಟೇ ಭೂಮಿಯ ಮೈಯೂ ಬಾಗಿ ಕೆಳಗೆ ಸರಿದಿರುತ್ತದೆ.

ಸುಮಾರು 420 ಟನ್ನು ತೂಕದ ಈ ಮನೆಯನ್ನು ಒಂದೇ ಸಲಕ್ಕೆ ಹೊತ್ತೊಯ್ಯುವುದು ಸಾಧ್ಯವಿರಲಿಲ್ಲ. ಆದಕಾರಣ ಕೋಣೆಕೋಣೆಯಾಗಿ ಒಯ್ದು ಮೇಲೆಯೇ ಕೂಡಿಸಿದರು. 1998ರ ನವೆಂಬರ್ 20ರಂದು ರಷ್ಯಾದ ರಾಕೆಟ್ಟು ಜಾರ್ಯಾ ಎಂಬ ಮೊದಲನೆಯ ಕೋಣೆಯನ್ನು ಏರಿಸಿತು; ಮರುತಿಂಗಳು ಅಮೆರಿಕದ ನೌಕೆಯೊಂದರ ಯಾತ್ರಿಕರು ಯೂನಿಟಿ ಎಂಬ ಎರಡನೆಯದನ್ನು ಅದಕ್ಕೆ ಜೋಡಿಸಿದರು. 2000ದ ನವೆಂಬರಿನಿಂದ ಆ ಮನೆ ಒಂದು ದಿನವೂ ಬರಿದಾಗಿಲ್ಲ.

ಓಡುವ ಎರಡು ವಸ್ತುಗಳನ್ನು ಹೀಗೆ ಕೂಡಿಸುವುದೇ ಅತಿ ನಾಜೂಕಾದ ಕೆಲಸ. ತುಸು ಜೋರಾಗಿ ತಾಗಿದರೆ ಎರಡೂ ಕೆಡುವುವು. ಈ ವಿದ್ಯೆಯನ್ನು ನಮ್ಮವರೂ ಸಾಧಿಸಿದರು. 2024ರ ಡಿಸೆಂಬರ್ 30ರಂದು ಶ್ರೀಹರಿಕೋಟೆಯಿಂದ ಹಾರಿದ, ತಲಾ 220 ಕಿಲೋಗ್ರಾಮು ತೂಕದ ಎರಡು ಉಪಗ್ರಹಗಳನ್ನು ಇಸ್ರೋ ಸಂಸ್ಥೆಯ ವಿಜ್ಞಾನಿಗಳು ಬೆಂಗಳೂರಿನಿಂದ ನಡೆಸಿದರು. ಜನವರಿ 12ರಂದು ಅವು ಮೂರು ಮೀಟರು ಸನಿಹಕ್ಕೆ ಬಂದವು. ಆದರೂ ಆತುರಪಡದೆ ಹಿಂದಕ್ಕೆ ಸರಿಸಿ, 16ರಂದು ಮೆಲ್ಲಮೆಲ್ಲನೆ ಸೇರಿಸಿದರು. ಇದನ್ನು ಸಾಧಿಸಿದ ನಾಲ್ಕನೆಯ ದೇಶ ಭಾರತ.

ಕಟ್ಟಿದಷ್ಟಕ್ಕೆ ಮುಗಿಯಲಿಲ್ಲ. ಅಷ್ಟೆತ್ತರದಲ್ಲಿಯೂ ಅತಿ ವಿರಳವಾದ ಗಾಳಿಯಿದ್ದು, ನಿಲ್ದಾಣದ ವೇಗವನ್ನು ಕುಗ್ಗಿಸಿ ಅದನ್ನು ದಿನದಿನಕ್ಕೂ ಕೆಳಕ್ಕೆಳೆಯುತ್ತದೆ. ಆಗಾಗ ಎಂಜಿನುಗಳನ್ನು ಉರಿಸಿ ಮೇಲಕ್ಕೆ ನೂಕದಿದ್ದರೆ, ಅದು ಒಂದು ದಿನ ಭೂಮಿಗೆ ಬಿದ್ದೇ ತೀರುವುದು. ಅದಕ್ಕೆ ಬೇಕಾದ ಇಂಧನವೂ, ಯಾತ್ರಿಕರ ಆಹಾರವೂ ಭೂಮಿಯಿಂದಲೇ ಹೋಗಬೇಕು. ನೀರನ್ನಾದರೋ ಬೆವರು ಮೂತ್ರಗಳಿಂದಲೂ ಶೋಧಿಸಿ ಮರಳಿ ಬಳಸುತ್ತಾರೆ. 2025ರಲ್ಲಿ ಶುಭಾಂಶು ಶುಕ್ಲಾ ಅವರು ಅಲ್ಲಿ ತಂಗಿದ್ದಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರು, ಮೆಂತ್ಯದ ಕಾಳುಗಳು ಅಲ್ಲಿ ಮೊಳೆತವು.

2035ರ ಹೊತ್ತಿಗೆ ಸ್ವಂತ ನಿಲ್ದಾಣವನ್ನು ಕಟ್ಟಬೇಕೆಂಬುದು ಭಾರತದ ಸಂಕಲ್ಪ. ಕಟ್ಟುವ ಸಾಹಸ ಕೆಲವು ವರ್ಷಗಳದು. ಕಾಪಾಡುವ ಶ್ರಮ ಪ್ರತಿದಿನದ್ದು. ಮನೆ ನಡೆಸುವವರಿಗೆ ಈ ಮಾತು ಹೊಸದಲ್ಲ.